ಕುಮಾರಿ ಸಹನಾ, ಎಂಟನೇ ತರಗತಿ

ಹೋದ ತಿಂಗಳು ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆಂದು ಕಂಪ್ಲಿಗೆ ಹೋಗಿದ್ದೆ. ಬಸ್ಸು ಊರೊಳಗೆ ತಿರುಗುತ್ತಿದ್ದಂತೆ ಭತ್ತ ಬೇಯಿಸುವ ಗಿರಣಿಯ ಹಬೆ ಕಿಟಕಿಯಿಂದ ಮೂಗಿಗೆ ಬಡಿಯಿತು. ಹುಳಿ ಹುಳಿಯಾದ, ಬೆಚ್ಚಗಿನ ವಾಸನೆ. ಪಕ್ಕದಲ್ಲಿದ್ದ ನನ್ನ ಗಂಡ, “ಯಾಕ, ಮುಖ ಹಂಗ ಮಾಡ್ಕೊಂಡಿ?” ಅಂದ. ವಾಕರಿಕೆ ಬಂತು ಅಂದೆ. ಸುಳ್ಳು. ಆ ವಾಸನೆಯ ನಡುವೆ ನಾನು ಒಂದು ವರ್ಷ ಕೆಲಸ ಮಾಡಿದ್ದೇನೆ. ಆ ವರ್ಷ ಒಬ್ಬ ಹೆಂಗಸಿಗೆ ನಾನು ಮಾಡಿದ್ದನ್ನು ಇವತ್ತಿನವರೆಗೂ ಗಂಡನಿಗೆ ಹೇಳಿಲ್ಲ.

ನನಗಾಗ ಇಪ್ಪತ್ತೇಳು. ಗ್ರಂಥಾಲಯ ವಿಜ್ಞಾನದಲ್ಲಿ ಎಂ.ಲಿಬ್. ಮುಗಿಸಿ, ಯಾವ ಕಾಲೇಜೂ ಕರೆಯದೆ, ಹೊಸಪೇಟೆಯ ಮನೆಯಲ್ಲಿ ಕೂತು ಅಮ್ಮನ ಜೊತೆ ಜಗಳವಾಡಿಕೊಂಡಿದ್ದೆ. ಕಂಪ್ಲಿಯ ಅಕ್ಕಿಗಿರಣಿ ಮಾಲೀಕರೊಬ್ಬರು ತಮ್ಮ ತಾಯಿಯ ನೆನಪಿಗೆ ವಾಚನಾಲಯ ಕಟ್ಟಿಸಿದ್ದರು. ಅಲ್ಲಿಗೆ ಓದಿದವರು ಬೇಕಾಗಿತ್ತು. ಊರವರೆಲ್ಲ ಅವರನ್ನು ಯಜಮಾನರು ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಓದಿದ ಓದಿಗೆ ಇದು ಕಡಿಮೆಯ ಕೆಲಸ ಎಂಬ ಸಿಟ್ಟು ಮೊದಲ ದಿನದಿಂದಲೇ ನನ್ನ ಮೂಗಿನ ತುದಿಯಲ್ಲಿತ್ತು. ಬಂದವರ ಮೇಲೆ ಅದನ್ನು ತೀರಿಸಿಕೊಳ್ಳುತ್ತಿದ್ದೆ. ಚಪ್ಪಲಿ ಹೊರಗೆ ಬಿಡಿ, ಎಂಜಲು ಹಚ್ಚಿ ಹಾಳೆ ತಿರುವಬೇಡಿ, ಪೇಪರು ಓದುವಾಗ ತುಟಿ ಅಲ್ಲಾಡಿಸಬೇಡಿ. ಹೌದು, ಅದನ್ನೂ ಒಬ್ಬ ಮುದುಕನಿಗೆ ಹೇಳಿದ್ದೇನೆ.

ಜೂನ್‌ನಲ್ಲಿ ಸೇರಿದೆ. ಬೆಳಿಗ್ಗೆ ಎಂಟಕ್ಕೆ ಬಸ್ಸು. ಕಮಲಾಪುರ ದಾಟಿ, ಬಾಳೆ ತೋಟ ದಾಟಿ, ಕಾಲುವೆಯ ಪಕ್ಕಕ್ಕೇ ಹೋಗುತ್ತಿತ್ತು. ಒಂದು ಸಲ ಕಮಲಾಪುರದಲ್ಲಿ ತಲೆ ಪೂರ್ತಿ ನರೆತ ವಿದೇಶಿ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಇಟ್ಟಿಗೆ ಗಾತ್ರದ ಪುಸ್ತಕ ತೆಗೆದಳು. ರಕ್ಷಾಪುಟದ ಮೇಲೆ ಬೆಂಕಿ ಉಗುಳುವ ರೆಕ್ಕೆಯ ಪ್ರಾಣಿ, ಅದರ ಮೇಲೆ ಕತ್ತಿ ಹಿಡಿದ ಹುಡುಗಿ. ಎಪ್ಪತ್ತರ ಮುದುಕಿ ಇಡೀ ಬಸ್ಸಿಗೆ ಕಾಣುವಂತೆ ಅದನ್ನು ಎತ್ತಿ ಹಿಡಿದು ಓದಿದಳು. ನನ್ನ ಬ್ಯಾಗಿನಲ್ಲೂ ಅಂಥದೇ ಒಂದಿತ್ತು. ಅದಕ್ಕೆ ನಾನು ಹಳೇ ದಿನಪತ್ರಿಕೆಯ ಹೊದಿಕೆ ಹಾಕಿದ್ದೆ. ಆ ಮುದುಕಿಯ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಇನ್ನೂ ನೆನಪಿದೆ.

ನನ್ನ ಬ್ಯಾಗಿನಲ್ಲಿದ್ದದ್ದು ವಾಚನಾಲಯದ ಮಕ್ಕಳ ವಿಭಾಗಕ್ಕೆಂದು ಬಂದ ಏಳು ಸಂಪುಟಗಳ ಕಥೆ. ಆರು ಬಂದಿದ್ದವು, ಏಳನೆಯದು ಇನ್ನೂ ಬರಬೇಕಿತ್ತು. ಮಿಂಚು ಎಂಬ ಹದಿನಾಲ್ಕರ ಹುಡುಗಿ ತನ್ನೂರಿನ ಬಾವಿಗೆ ಬಿದ್ದು ಬೇರೊಂದು ಲೋಕದಲ್ಲಿ ಏಳುತ್ತಾಳೆ. ಅಲ್ಲಿಂದ ಮನೆಗೆ ಬರಲು ಏಳು ಬಾಗಿಲು ದಾಟಬೇಕು, ಒಂದೊಂದು ಸಂಪುಟಕ್ಕೆ ಒಂದೊಂದು ಬಾಗಿಲು. ಜೊತೆಗೆ ಒಂಟಿಗಣ್ಣಿನ ಒಂದು ಗಿಡುಗ. ಮಕ್ಕಳಿಗೆ ಬರೆದದ್ದು, ನಿಜ. ಪಟ್ಟಿಗೆ ಸೇರಿಸುವ ಮೊದಲು ಒಮ್ಮೆ ನೋಡೋಣವೆಂದು ತೆರೆದವಳು ಎರಡು ದಿನ ಊಟದ ಡಬ್ಬಿ ತೆರೆಯಲಿಲ್ಲ. ಆದರೆ ಎಂ.ಲಿಬ್. ಮಾಡಿದವಳು ಗಿಡುಗದ ಕಥೆ ಓದುತ್ತಾಳೆಂದು ಊರಿಗೆ ಗೊತ್ತಾಗಬಾರದಲ್ಲ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಾನೂ ಕದ್ದು ಕದ್ದು ಓದಿದೆ.

ಜುಲೈನಲ್ಲಿ ನಾಗವೇಣಿ ಬಂದಳು. ಬಂದರು ಅನ್ನಬೇಕು, ನನಗಿಂತ ಹನ್ನೆರಡು ಹದಿಮೂರು ವರ್ಷ ದೊಡ್ಡವರು. ಎರಡು ಓಣಿ ಆಚೆ ಗೊಬ್ಬರದಂಗಡಿಯವರ ಸೊಸೆ. ಕೈಯಲ್ಲಿ ಸಂತೆ ಚೀಲ, ಮೇಲೆ ಕರಿಬೇವು, ಹಣೆಯಲ್ಲಿ ವಿಭೂತಿ. “ನಮ್ಮ ಹುಡುಗಿ ಹೆಸರಿಲೆ ಒಂದು ಕಾರ್ಡು ಬೇಕಿತ್ರಿ ಮೇಡಂ” ಅಂದರು. ಮಕ್ಕಳ ವಿಭಾಗದ ಪುಸ್ತಕ ಹದಿನಾರರ ಒಳಗಿನವರಿಗೆ ಮಾತ್ರ, ದೊಡ್ಡವರಿಗೆ ಮನೆಗೆ ಕೊಡುವಂತಿಲ್ಲ. ಅದು ಯಜಮಾನರೇ ಮಾಡಿದ್ದ ನಿಯಮ. ಹೆಸರು ಕೇಳಿದೆ. ಒಂದು ಗಳಿಗೆ ತಡೆದು, “ಸಹನಾ ಅಂತ ಬರ್ಕೋರಿ. ಎಂಟನೇತ್ತ” ಅಂದರು. ಕುಮಾರಿ ಸಹನಾ, ಎಂಟನೇ ತರಗತಿ ಎಂದು ದುಂಡಗೆ ಬರೆದು ಕಾರ್ಡು ಕೊಟ್ಟೆ.

ಮಂಗಳವಾರ, ಶುಕ್ರವಾರ ತಪ್ಪಿಸದೆ ಬರುತ್ತಿದ್ದರು. ಮಿಂಚುವಿನ ಮೊದಲ ಸಂಪುಟ ನಾಲ್ಕೇ ದಿನಕ್ಕೆ ವಾಪಸು. “ನಮ್ಮ ಸಹನಾಗ ಭಾಳ ಸೇರೇತ್ರಿ. ರೊಟ್ಟಿ ಮಾಡೂದು ಬಿಟ್ಟು ಓದ್ಯಾಳ್ರಿ” ಅಂದು ನಾಲಿಗೆ ಕಚ್ಚಿಕೊಂಡರು. ಎಂಟನೇ ತರಗತಿಯ ಹುಡುಗಿ ರೊಟ್ಟಿ ತಟ್ಟುತ್ತಾಳೆಯೇ ಎಂದು ನಾನು ಕೇಳಲಿಲ್ಲ. “ನಮ್ಮ ತಂಗೀನೂ ಅದನ್ನೇ ಓದಾಕತ್ತಾಳ್ರಿ” ಅಂದೆ. ನನಗೆ ತಂಗಿ ಇಲ್ಲ.

ಹೀಗೆ ಇಬ್ಬರು ಇಲ್ಲದ ಹುಡುಗಿಯರು ನಮ್ಮ ನಡುವೆ ಮಾತಾಡಲು ಶುರು ಮಾಡಿದರು. ಸಹನಾ ಹೀಗಂದಳು, ತಂಗಿ ಹಾಗಂದಳು. ಆಗಸ್ಟಿನಲ್ಲಿ ಡ್ಯಾಮು ತುಂಬಿ ನೀರು ಬಿಟ್ಟರು, ಕಂಪ್ಲಿ ಸೇತುವೆ ಮುಳುಗಿತು. ಊರೆಲ್ಲ ಹೊಳೆ ನೋಡಲು ಹೋಗಿತ್ತು. ವಾಚನಾಲಯದಲ್ಲಿ ನಾನೊಬ್ಬಳೇ ಇದ್ದಾಗ ನಾಗವೇಣಿ ನೆನೆದುಕೊಂಡೇ ಬಂದರು. ಕಣ್ಣು ಕೆಂಪಗಿತ್ತು. ಐದನೇ ಸಂಪುಟವನ್ನು ಮೇಜಿನ ಮೇಲೆ ಇಟ್ಟು, “ಆ ಗಿಡುಗ ಸಾಯಬಾರ್ದಿತ್ರಿ” ಅಂದರು.

“ಸತ್ತದ್ದಕ್ಕೇ ಅಲ್ಲೇನ್ರಿ ಮಿಂಚು ಒಬ್ಬಾಕೀನ ಹೋಗೂದು ಕಲಿತದ್ದು?” ಅಂದೆ. ತಂಗಿಯ ಹೆಸರು ಹೇಳುವುದು ಮರೆತೇಹೋಯಿತು.

“ಒಬ್ಬಾಕೀನ ಹೋಗೂದು ಕಲೀಬೇಕು ಅಂತ ಯಾರು ಹೇಳ್ಯಾರ್ರಿ? ಜೋಡಿ ಇದ್ರ ಏನಾಕ್ಕಿತ್ತು? ಬರದಾವ್ನ ಕೈಗೆ ಕರುಣಿ ಇಲ್ಲ ಬಿಡ್ರಿ!”

ಒಂದು ಗಂಟೆ ಜಗಳವಾಡಿದೆವು. ಹೊರಗೆ ಮಳೆ. ಎಂ.ಲಿಬ್. ತರಗತಿಯಲ್ಲಿ ಎರಡು ವರ್ಷ ಕೂತರೂ ಪುಸ್ತಕದ ಬಗ್ಗೆ ಅಷ್ಟು ಮನಸ್ಸಿಟ್ಟು ಯಾರ ಜೊತೆಗೂ ನಾನು ಮಾತಾಡಿರಲಿಲ್ಲ. ಹೋಗುವಾಗ ಅವರು ಸೆರಗಿನಿಂದ ಆರನೇ ಸಂಪುಟ ಮುಚ್ಚಿಕೊಂಡು, “ಮನ್ಯಾಗ ನಮ್ಮತ್ತಿ ಪುರಾಣದ ಪುಸ್ತಕ ಅಂದ್ಕೊಂಡಾಳ್ರಿ. ಕಥಿ ಪುಸ್ತಕ ಅಂದ್ರ ಒಲಿಗೆ ಹಾಕ್ತಾಳ” ಅಂದು ನಕ್ಕರು. ನನಗೂ ನಗು ಬಂತು. ಆ ಹೊತ್ತಿನಲ್ಲಿ ಅವರನ್ನು ನಾನು ತುಂಬಾ ಇಷ್ಟಪಟ್ಟೆ.

ಅವರು ಹೋದ ಮೇಲೆ ಮಲ್ಲಪ್ಪ ಹೊಳೆಯಿಂದ ವಾಪಸು ಬಂದ. ಕಸ ಹೊಡೆದು ಪುಸ್ತಕ ಜೋಡಿಸುತ್ತಿದ್ದವನು, ಅರವತ್ತರ ಹತ್ತಿರದ ಮನುಷ್ಯ. ನಾನು ರಿಜಿಸ್ಟರಿನಲ್ಲಿ ಸಹನಾಳ ಸಾಲು ತುಂಬುವುದನ್ನು ನೋಡಿ ಮೆಲ್ಲಗೆ ಅಂದ: “ಮೇಡಂ, ಆ ಅವ್ವಗ ಮಕ್ಕಳಿಲ್ರಿ. ಲಗ್ನಾಗಿ ಹದಿನೆಂಟು ವರ್ಷಾತು. ಅತ್ತಿ ಮಗಗ ಇನ್ನೊಂದು ಹೆಣ್ಣು ನೋಡ್ತೀನಿ ಅಂತ ದಿನಾ ಕುಟುಕ್ತಾಳ. ಇದೊಂದು ಪುಸ್ತಕದಾಗ ಆಕಿ ಜೀವ ಇಟ್ಕೊಂಡಾಳ. ನೀವು ಗೊತ್ತಿಲ್ಲದಂಗ ಇದ್ದುಬಿಡ್ರಿ.” ಗೊತ್ತಿಲ್ಲದ ಹಾಗೆ ಇರುತ್ತೇನೆ ಅಂದೆ. ಅವತ್ತು ಬಸ್ಸಿನಲ್ಲಿ ಮರುಕವಾಯಿತು. ಅದರ ಜೊತೆಗೇ, ನನ್ನ ಗುಟ್ಟು ಅವರಿಗೆ ಗೊತ್ತಿಲ್ಲ, ಅವರದು ನನಗೆ ಗೊತ್ತು ಎಂಬ ಸಣ್ಣ ಖುಷಿಯೂ ಆಯಿತು. ಆ ಖುಷಿಯೇ ಮುಂದೆ ಕೆಲಸ ಮಾಡಿತು.

ಸೆಪ್ಟೆಂಬರಿನಲ್ಲಿ ಏಳನೇ ಸಂಪುಟ ಪಾರ್ಸೆಲ್ಲಿನಲ್ಲಿ ಬಂತು. ಒಂದೇ ಪ್ರತಿ. ಮೊದಲು ನಾನು ಓದಿ ಕೊಡುತ್ತೇನೆ ಅಂದುಕೊಂಡೆ, ಮೂರೇ ದಿನಕ್ಕೆ ಮುಗಿಯಿತು. ಶುಕ್ರವಾರ ನಾಗವೇಣಿ ಬಂದು, “ಏಳನೇದು ಬಂತೇನ್ರಿ? ಸಹನಾ ನಿದ್ದಿಗೆಟ್ಟಾಳ್ರಿ. ಮಿಂಚು ಮನಿ ಮುಟ್ತಾಳೋ ಇಲ್ಲೋ ಅನ್ನೂದೊಂದೇ ಚಿಂತಿ” ಅಂದರು.

“ಇನ್ನೂ ಇಲ್ರಿ” ಅಂದೆ.

ಯಾಕೆ ಹಾಗಂದೆ? ಎಷ್ಟು ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪುಸ್ತಕ ಮೇಜಿನ ಖಾನೆಯಲ್ಲೇ ಇತ್ತು, ಅವರ ಮೊಣಕೈಯಿಂದ ಗೇಣು ದೂರ. ಕೊಟ್ಟರೆ ಆಟ ಮುಗಿಯುತ್ತದೆ ಅನ್ನಿಸಿತು. ಅವರಿಗೆ ಬೇಕಾದದ್ದು ನನ್ನ ಹತ್ತಿರವಿದೆ, ನಾನು ಕೊಟ್ಟರೆ ಮಾತ್ರ ಸಿಗುತ್ತದೆ. ಹೊಸಪೇಟೆಯಲ್ಲಿ ಅಮ್ಮನೂ ನನಗೆ ಅಷ್ಟು ಬೆಲೆ ಕೊಡುತ್ತಿರಲಿಲ್ಲ. ಫೋನಿನಲ್ಲಿ ತರಿಸಿಕೊಳ್ಳಲು ಅವರಿಗೆ ಸ್ವಂತ ಫೋನಿರಲಿಲ್ಲ, ಮನೆಗೆ ಬಂದ ಪಾರ್ಸೆಲ್ಲನ್ನು ಅತ್ತೆಯೇ ಒಡೆಯುತ್ತಿದ್ದಳು. ಆರು ವಾರ ಅವರು ಕೇಳಿದರು, ಆರು ವಾರ ನಾನು ಇಲ್ಲ ಅಂದೆ. ಪ್ರತಿ ಸಲವೂ ಅವರ ಮುಖ ಸಣ್ಣಗಾಗುವುದನ್ನು ನೋಡಿದೆ. ಬೇರೆ ಮಕ್ಕಳ ಪುಸ್ತಕಗಳನ್ನು ಒಂದರ ಮೇಲೊಂದು ಒಯ್ದು ಓದಿದರು, ಯಾವುದೂ ನಾಟಲಿಲ್ಲ.

ದಸರಾ ಮುಗಿದ ಮೇಲಿನ ವಾರ ಯಜಮಾನರು ಇಬ್ಬರು ಅಧ್ಯಾಪಕರನ್ನು ಕರೆದುಕೊಂಡು ಬಂದರು. ಸಂಶೋಧನಾ ವಿಭಾಗ ತೆರೆಯುವ ಮಾತು. ನಾನು ಉಬ್ಬಿಹೋಗಿದ್ದೆ. “ನಮ್ಮ ಜನಕ್ಕೆ ಗಂಭೀರ ಓದಿನ ಅಭಿರುಚಿಯೇ ಇಲ್ಲ ಸರ್” ಎಂದು ಭಾಷಣ ಬಿಗಿಯುತ್ತಿದ್ದೆ. ಅಷ್ಟರಲ್ಲಿ ನಾಗವೇಣಿ ಬಂದರು. ಮೂಲೆಯಲ್ಲಿ ನಿಂತು ಕಾಯುವಾಗ ಅವರ ಸಂತೆ ಚೀಲ ತಾಗಿ ಕುರ್ಚಿಯ ಮೇಲಿದ್ದ ನನ್ನ ಬ್ಯಾಗು ಬಿತ್ತು. ದಿನಪತ್ರಿಕೆಯ ಹೊದಿಕೆ ಕಳಚಿ ಏಳನೇ ಸಂಪುಟ ನೆಲದ ಮೇಲೆ ಬಿದ್ದಿತ್ತು. ಎರಡನೇ ಸಲ ಓದುತ್ತಿದ್ದೆ. ಅದರೊಳಗಿಂದ ಅರ್ಧ ಡಜನ್ ಬಸ್ ಟಿಕೀಟು ಉದುರಿದವು.

ನಾಗವೇಣಿ ಪುಸ್ತಕ ಎತ್ತಿಕೊಂಡರು. ಟಿಕೀಟುಗಳ ಮೇಲಿನ ಸೆಪ್ಟೆಂಬರಿನ ತಾರೀಕು ನೋಡಿದರು. ನಾನು ಆರು ವಾರ ಸುಳ್ಳು ಹೇಳಿದ್ದು ಅವರಿಗೆ ಹೊಳೆದಿರಲೇಬೇಕು. ಬೇರೆಯವಳಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದಳು. ಇವರು ಖುಷಿಯಿಂದ ನನ್ನ ಕೈ ಹಿಡಿದುಕೊಂಡರು.

“ಅಯ್ಯ ಶಿವನೇ! ನೀವೇ ಓದಾಕತ್ತೀರಲ್ರಿ ಮೇಡಂ! ತಂಗಿ ಪಂಗಿ ಎಲ್ಲಾ ಸುಳ್ಳು! ನನಗ ಮೊದಲೇ ಸಂಶೆ ಇತ್ತು ಬಿಡ್ರಿ. ಗಿಡುಗ ಸತ್ತಾಗ ನೀವೂ ಅತ್ತೀರಿ ಹೌದಲ್ಲೋ?”

ಅಧ್ಯಾಪಕರಲ್ಲೊಬ್ಬರು ಪುಸ್ತಕದ ಚಿತ್ರ ನೋಡಿ, “ಗಂಭೀರ ಓದು ಅಂದ್ರ ಇದೇನ್ರಿ ಮೇಡಂ?” ಅಂದರು. ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು. ನಾನು ಪುಸ್ತಕ ಕಿತ್ತುಕೊಂಡು, ಹಾಳೆ ಹರಿದಿದೆಯೇ ಎಂದು ನೋಡಲು ಒಯ್ದಿದ್ದೆ ಎಂದು ತೊದಲಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತಲ್ಲ, ಹಾಗಾಯಿತು. ಅವರೆಲ್ಲ ಹೋದ ಮೇಲೆ ನಾಗವೇಣಿ ಕೈ ಚಾಚಿದರು. “ಈಗ ಕೊಡ್ರಿ. ನಾಕೇ ದಿನ. ಮುಗಿಸಿ ಬರ್ತೀನಿ, ಆಮ್ಯಾಲ ಇಬ್ರೂ ಕುಂತು ಮಾತಾಡೂಣು.”

“ಮಕ್ಕಳ ದಿನದ ಕಾರ್ಯಕ್ರಮ ಮುಗೀಲಿ. ಆವಾಗ ಬರ್ರಿ” ಅಂದೆ. ಮುಖ ನೋಡಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು.

ಆ ವಾಚನಾಲಯದಲ್ಲೊಂದು ಪದ್ಧತಿಯಿತ್ತು. ನವೆಂಬರಿನ ಕಾರ್ಯಕ್ರಮದಲ್ಲಿ ವರ್ಷದಲ್ಲಿ ಅತಿ ಹೆಚ್ಚು ಪುಸ್ತಕ ಒಯ್ದ ಮಗುವಿಗೆ ಬಹುಮಾನ. ಮಗುವಿಗೆ ಓದಿನ ರುಚಿ ಹಚ್ಚಿದವಳು ತಾಯಿ ಎಂದು ಆ ತಾಯಿಯನ್ನೂ ವೇದಿಕೆಗೆ ಕರೆದು ಯಜಮಾನರ ಹೆಂಡತಿ ಉಡಿ ತುಂಬುತ್ತಿದ್ದರು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಕುಪ್ಪಸದ ಖಣ. ಹೆಸರು ಆರಿಸುವುದು ರಿಜಿಸ್ಟರು ನೋಡಿ, ರಿಜಿಸ್ಟರು ನನ್ನ ಕೈಯಲ್ಲಿ. ಸಹನಾಳ ಹತ್ತಿರ ಸುಳಿಯುವ ಮಗು ಇನ್ನೊಂದಿರಲಿಲ್ಲ.

ಆ ಹೆಸರು ಬಿಟ್ಟು ಎರಡನೆಯದನ್ನು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ತಿಳಿಯದೆ ಆದ ತಪ್ಪು ಎಂದು ನಾನು ಈಗ ಹೇಳಿದರೆ ನಂಬಬೇಡಿ. ಕಾಗದ ತೆಗೆದುಕೊಂಡು ನಿಧಾನವಾಗಿ, ಒತ್ತಿ ಬರೆದೆ. ಮಲ್ಲಪ್ಪ ಭುಜದ ಮೇಲಿಂದ ಓದಿದ.

“ಈ ಹೆಸರು ಬ್ಯಾಡ್ರಿ ಮೇಡಂ. ಕೈ ಮುಗೀತೀನಿ. ಆ ಅವ್ವ ಆ ಮನ್ಯಾಗ ಬಾಳೇವು ಮಾಡ್ಬೇಕ್ರಿ.”

“ರೂಲ್ಸ್ ಅಂದ್ರ ರೂಲ್ಸ್ ಮಲ್ಲಪ್ಪ. ಸುಳ್ಳು ಹೆಸರು ಬರಸು ಅಂತ ನಾ ಹೇಳಿದ್ನೇನು?”

ಅವನು ನನ್ನನ್ನು ಒಂದು ಸಲ ನೋಡಿದ. “ಹೊಟ್ಟ್ಯಾಗ ಇಷ್ಟು ವಿಷ ಇಟ್ಕೊಂಡು ಹೆಂಗ ನಿದ್ದಿ ಮಾಡ್ತೀರವ್ವ?” ಅಂದು ಪೊರಕೆ ಎತ್ತಿಕೊಂಡು ಹೋದ. ಕೆಲಸಗಾರ ನನಗೆ ಹೀಗನ್ನುವುದೇ ಎಂದು ನನಗೆ ಮತ್ತಷ್ಟು ಸಿಟ್ಟು ಬಂತು.

ಕಾರ್ಯಕ್ರಮದ ದಿನ ಮಧ್ಯಾಹ್ನ ಸಣ್ಣ ಬಿಸಿಲಿತ್ತು. ಹೊರಗೆ ಗದ್ದೆಗಳಲ್ಲಿ ಕೊಯ್ಲಿನ ಯಂತ್ರದ ಸದ್ದು. ಸುತ್ತಲಿನ ಓಣಿಗಳ ಹೆಂಗಸರೆಲ್ಲ ವಾಚನಾಲಯದ ಪಡಸಾಲೆಗೆ ಬಂದಿದ್ದರು, ಊಟವೂ ಇತ್ತು. ಎರಡನೇ ಸಾಲಿನಲ್ಲಿ ನಾಗವೇಣಿ, ಪಕ್ಕದಲ್ಲಿ ಅತ್ತೆ ಗಂಗಮ್ಮ. ನಾಗವೇಣಿ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕು, ಪುಸ್ತಕ ತೆರೆದ ಹಾಗೆ ಎರಡೂ ಅಂಗೈ ತೆರೆದು ತೋರಿಸಿದರು. ಕಾರ್ಯಕ್ರಮ ಮುಗಿದ ಮೇಲೆ ಕೊಡುತ್ತೀರಲ್ಲ ಎಂದು ಅದರ ಅರ್ಥ. ಆ ಗಳಿಗೆಯಲ್ಲೂ ಕಾಗದ ಬದಲಿಸಬಹುದಿತ್ತು. ಮೈಕು ನನ್ನ ಕೈಯಲ್ಲೇ ಇತ್ತು.

“ಈ ವರ್ಷದ ಉತ್ತಮ ಬಾಲ ಓದುಗಿ, ಕುಮಾರಿ ಸಹನಾ, ಎಂಟನೇ ತರಗತಿ. ತಾಯಿ ಶ್ರೀಮತಿ ನಾಗವೇಣಿ ಅವರು ಮಗಳೊಂದಿಗೆ ವೇದಿಕೆಗೆ ಬರಬೇಕು.”

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. ಗಂಗಮ್ಮ ಸೊಸೆಯ ಕಡೆ ತಿರುಗಿ, ಇಡೀ ಪಡಸಾಲೆಗೆ ಕೇಳುವಂತೆ ಅಂದಳು: “ಹಡೀಲಾರದಾಕಿ ಹೆಸರು ಮಾತ್ರ ಇಟ್ಟಾಳ ನೋಡ್ರೆವ್ವಾ! ಎಲ್ಲದಾಳ ನಿನ್ನ ಮಗಳು? ಕರಿ, ನಾವೂ ನೋಡ್ತೀವಿ!”

ನಗು ಹಿಂದಿನ ಸಾಲಿನಿಂದ ಶುರುವಾಯಿತು. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಮಕ್ಕಳಿಗೆ ಏನೂ ತಿಳಿಯದಿದ್ದರೂ ದೊಡ್ಡವರು ನಕ್ಕರೆಂದು ಅವೂ ನಕ್ಕವು. ನಾಗವೇಣಿ ಎದ್ದರು. ಓಡಿಹೋಗುತ್ತಾರೆ ಅಂದುಕೊಂಡೆ. ಓಡಲಿಲ್ಲ, ವೇದಿಕೆಗೇ ಬಂದರು. ಯಜಮಾನರ ಹೆಂಡತಿಗೆ ಕಿವಿ ಮಂದ, ಪಾಪ, ಆಕೆ ಎರಡೂ ಕೈಯಲ್ಲಿ ಅಕ್ಕಿ ಹಿಡಿದು ಕಾಯುತ್ತಿದ್ದರು. ನಾಗವೇಣಿ ಸೆರಗೊಡ್ಡಿದರು. ಆಕೆ ಉಡಿ ತುಂಬಿ, “ಮಗಳು ಚೊಲೋ ಓದ್ಲವ್ವ, ನೂರು ವರ್ಷ ಬಾಳ್ಲಿ” ಎಂದು ಹರಸಿದರು. ಬಹುಮಾನ ನಾನು ಕೊಡಬೇಕಿತ್ತು. ಜ್ಯಾಮಿಟ್ರಿ ಬಾಕ್ಸು, ಬಣ್ಣದ ಪೆನ್ಸಿಲ್ಲು. ಕೊಟ್ಟೆ.

ಅದನ್ನು ಇಸಿದುಕೊಳ್ಳುವಾಗ ಅವರ ಮುಖ ನನ್ನ ಕಿವಿಯ ಹತ್ತಿರ ಬಂತು. ಬೈಯುತ್ತಾರೆ ಅಂದುಕೊಂಡು ಹಲ್ಲು ಕಚ್ಚಿದೆ.

“ಇನ್ನ ನನ್ನ ಇಲ್ಲಿ ಬರಗೊಡಂಗಿಲ್ರಿ” ಅಂದರು. “ಒಂದು ಹೇಳ್ರಿ. ಮಿಂಚು ಮನಿ ಮುಟ್ಟಿದ್ಲೇನ್ರಿ?”

ಅಷ್ಟೇ ಕೇಳಿದ್ದು. ಹೌದು ಅಥವಾ ಇಲ್ಲ, ಒಂದು ಮಾತು ಸಾಕಿತ್ತು. ಇಡೀ ಪಡಸಾಲೆ ನಮ್ಮನ್ನೇ ನೋಡುತ್ತಿತ್ತು, ಆ ಇಬ್ಬರು ಅಧ್ಯಾಪಕರೂ ಮುಂದಿನ ಸಾಲಿನಲ್ಲಿದ್ದರು. ಮೈಕು ಇನ್ನೂ ನನ್ನ ಕೈಯಲ್ಲಿತ್ತು. ನಾನು ಮೈಕಿನಲ್ಲೇ ಹೇಳಿದೆ: “ನನಗೆ ಗೊತ್ತಿಲ್ಲ ನಾಗವೇಣಿಯವರೆ. ನಾನು ಮಕ್ಕಳ ಪುಸ್ತಕ ಓದುವುದಿಲ್ಲ.”

ಮತ್ತೆ ನಗು. ಅವರು ಮೆಟ್ಟಿಲಿಳಿದರು. ಉಡಿಯ ಅಕ್ಕಿ ಚೆಲ್ಲದಂತೆ ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡಿದ್ದರು.

ಮಂಗಳವಾರ ಬಂತು, ಶುಕ್ರವಾರ ಬಂತು. ಅವರು ಬರಲಿಲ್ಲ. ಮಲ್ಲಪ್ಪ ನನ್ನ ಜೊತೆ ಮಾತು ಬಿಟ್ಟ. ಮೂರು ವಾರ ತಡೆದೆ. ಊಟ ಸೇರುತ್ತಿರಲಿಲ್ಲ. ನಾನು ಮಾಡಿದ್ದು ತಪ್ಪು ಎನ್ನುವುದಕ್ಕಿಂತ ಗಿಡುಗದ ಬಗ್ಗೆ ಜಗಳವಾಡಲು ಇನ್ನು ಯಾರೂ ಇಲ್ಲ ಎಂಬುದೇ ಮೊದಲು ನೋಯಿಸಿತು. ನನ್ನ ಪಶ್ಚಾತ್ತಾಪವೂ ಅಷ್ಟು ಸ್ವಾರ್ಥದ್ದು. ಡಿಸೆಂಬರಿನ ಒಂದು ಮಧ್ಯಾಹ್ನ ಏಳನೇ ಸಂಪುಟ ತೆಗೆದುಕೊಂಡು ಅವರ ಮನೆಗೆ ಹೋದೆ.

ಗಂಗಮ್ಮ ನನ್ನನ್ನು ಬೀಗರನ್ನು ಕರೆದ ಹಾಗೆ ಕರೆದಳು. “ಬರ್ರಿ ಮೇಡಂ, ಕುಂದ್ರಿ! ನೀವು ದೇವರು ಬಂದಂಗ ಬಂದು ಕಣ್ಣು ತೆರಿಸಿದ್ರಿ ನೋಡ್ರಿ. ತಿಂಗಳಗಟ್ಲೆ ಪುರಾಣ ಅಂತ ನಂಬಿಸಿದ್ಲು ಈಕಿ. ಈಗ ಮನ್ಯಾಗ ಹಾಳಿ ಅನ್ನೂದು ಒಂದಿಲ್ಲ. ಮುಂದಿನ ತಿಂಗಳ ಮಗಗ ಹೆಣ್ಣು ನೋಡಾಕ ಸಂಡೂರಿಗೆ ಹೊಂಟೀವಿ. ನಿಮ್ಮ ಉಪಕಾರ ಮರಿಯಂಗಿಲ್ರಿ.” ನಾಗವೇಣಿ ಚಹಾ ತಂದಿಟ್ಟರು. ತಲೆಯ ಮೇಲೆ ಸೆರಗು, ಕಣ್ಣು ನೆಲದ ಮೇಲೆ. ಎದುರಿಗೆ ಕೂತು ನಾನು ಆ ಚಹಾ ಕುಡಿದೆ.

ಹೊರಡುವಾಗ ಬಾಗಿಲು ಹಾಕಿಕೊಳ್ಳಲು ಅವರೇ ಬಂದರು. ಗಂಗಮ್ಮ ಒಳಗಿದ್ದಳು. ಪುಸ್ತಕ ಚಾಚಿದೆ. ಅವರು ಮುಟ್ಟಲಿಲ್ಲ. ಅವಸರದಲ್ಲಿ ಅಂದೆ: “ಅಕ್ಕಾ, ತಪ್ಪಾತು. ಪುಸ್ತಕ ಬ್ಯಾಡಂದ್ರ ಬಿಡ್ರಿ, ಕಥಿ ಹೇಳಿಬಿಡ್ತೀನಿ. ಕೊನೀಗೆ ಮಿಂಚು...”

“ಹೇಳಬ್ಯಾಡ್ರಿ.” ಅವತ್ತು ಮೊದಲ ಸಲ ನನ್ನ ಮುಖ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಸಹನಾ ಸತ್ತಾಳ್ರಿ ಮೇಡಂ. ಕೇಳಾಕ ಯಾರದಾರ?”

ಬಾಗಿಲು ಮುಚ್ಚಿತು. ನಾನು ವಾಚನಾಲಯಕ್ಕೆ ವಾಪಸು ಬಂದೆ. ಮೇಜಿನ ಮುಂದೆ ಕೂತು ರಿಜಿಸ್ಟರು ತೆರೆದು ಅವಳ ಹೆಸರು ಹುಡುಕಿದೆ. ಮೂರು ವಾರದಿಂದ ಪುಸ್ತಕ ಒಯ್ಯದ ಸದಸ್ಯರ ಹೆಸರಿಗೆ ಗೆರೆ ಎಳೆಯಬೇಕು, ಪಕ್ಕದಲ್ಲಿ ಕಾರಣ ಬರೆಯಬೇಕು, ಅದೂ ಒಂದು ನಿಯಮ. ಕುಮಾರಿ ಸಹನಾ ಎಂಬ ಹೆಸರಿಗೆ ಗೆರೆ ಎಳೆದೆ. ಕಾರಣದ ಜಾಗದಲ್ಲಿ ಮರಣ ಎಂದು ಬರೆದು ಕೆಳಗೆ ನನ್ನ ಸಹಿ ಹಾಕಿದೆ.